ಮೈದಾನವೂ ಇರಲಿ, ಪುಸ್ತಕವೂ ಇರಲಿ
(ಮುಟ್ಟಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)





“ಕಾಲೇಜು ಬಿಟ್ಟು ಕ್ರಿಕೆಟ್ ಆಡುತ್ತೇನೆ” ಎಂದು ಮಗ ಹೇಳಿದರೆ ತಂದೆ ಏನು ಉತ್ತರಿಸಬೇಕು? ಮಗನ ಕಣ್ಣ ಮುಂದೆ ಐಪಿಎಲ್ ಹರಾಜಿನ ಕೋಟಿಗಳಿವೆ. ತಂದೆಯ ಮನಸ್ಸಿನಲ್ಲಿ ಗಲ್ಫಿನ ನೌಕರಿಯಿದೆ. ಇವೆರಡರ ನಡುವೆ ರಾಜ್ಯ ತಂಡದ ಆಟಗಾರನ ಬದುಕು ಎಂಬುದೊಂದಿದೆ. ಅದನ್ನು ಇಬ್ಬರೂ ತಿಳಿದುಕೊಳ್ಳಬೇಕು.

ಗದಗಿನ ಸುನಿಲ್ ಜೋಶಿಯವರನ್ನು ನೋಡಿ. ಗದಗವೂ ನಮ್ಮ ಭಟ್ಕಳದಂತೆ ಬೆಂಗಳೂರಿನಿಂದ ದೂರದ ಊರು. ಬಾಲಕನಾಗಿದ್ದಾಗ ಅವರು ಬೆಳಗಿನ ಜಾವ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಗಂಟೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. ಆಟಕ್ಕಾಗಿ ಶಾಲೆ ತಪ್ಪಿಸಲಿಲ್ಲ, ಶಾಲೆಗಾಗಿ ಆಟ ಬಿಡಲಿಲ್ಲ. ಭಾರತಕ್ಕೆ 15 ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. ರಾಷ್ಟ್ರೀಯ ತಂಡದ ಬಾಗಿಲು 2001ರಲ್ಲಿ ಮುಚ್ಚಿತು. ಆದರೆ ಅವರ ದುಡಿಮೆ ನಿಲ್ಲಲಿಲ್ಲ. ಮುಂದೆಯೂ ಸುಮಾರು ಹತ್ತು ವರ್ಷ ರಣಜಿ ಮೈದಾನಗಳಲ್ಲಿ ಬೆವರು ಸುರಿಸಿದರು. 160 ಪ್ರಥಮ ದರ್ಜೆ ಪಂದ್ಯ, 615 ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್. ಇದರಲ್ಲಿ ಹೆಚ್ಚಿನದನ್ನು ಯಾವ ಟಿ.ವಿ.ಯೂ ತೋರಿಸಲಿಲ್ಲ.

ಬಳಿಕ ಅವರು ತರಬೇತುದಾರರಾದರು. 2014ರ ಸೆಪ್ಟೆಂಬರಿನಲ್ಲಿ ಶ್ರೀನಗರ ಪ್ರವಾಹದಲ್ಲಿ ಮುಳುಗಿ ಕ್ರಿಕೆಟ್ ಮೈದಾನವೂ ಹಾಳಾಯಿತು. ಅದೇ ಡಿಸೆಂಬರಿನಲ್ಲಿ ಪರ್ವೇಜ್ ರಸೂಲ್ ನಾಯಕತ್ವದ ಜಮ್ಮು–ಕಾಶ್ಮೀರ ತಂಡ ಮುಂಬೈಯನ್ನು ಮುಂಬೈಯಲ್ಲೇ ಸೋಲಿಸಿತು. ಆ ತಂಡಕ್ಕೆ ಕಲಿಸಿದವರು ನಮ್ಮ ಗದಗಿನ ಜೋಶಿಯವರೇ.

ಇನ್ನೊಂದು ಮುಖವನ್ನೂ ನೋಡಬೇಕು. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದರು. ಅಷ್ಟು ವಿಕೆಟ್ ಅಲ್ಲಿ ಬೇರಾರೂ ಪಡೆದಿಲ್ಲ. ಆದರೂ ಅವರಿಗೆ ಒಂದೇ ಒಂದು ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. ಬಿಷನ್ ಸಿಂಗ್ ಬೇಡಿ ಇದ್ದ ಕಾಲದಲ್ಲಿ ಅದೇ ಬಗೆಯ ಎಡಗೈ ಸ್ಪಿನ್ನರ್ ಆಗಿದ್ದದ್ದೇ ಅವರಿಗೆ ಅಡ್ಡವಾಯಿತು. ಪರಿಶ್ರಮ ನಮ್ಮ ಕೈಯಲ್ಲಿದೆ, ಆಯ್ಕೆ ನಮ್ಮ ಕೈಯಲ್ಲಿಲ್ಲ.

ಹಣದ ಮಾತಿಗೆ ಬರೋಣ. 2021ರಲ್ಲಿ ಕ್ರಿಕೆಟ್ ಮಂಡಳಿ ಹಿರಿಯರ ತಂಡದಲ್ಲಿ ಆಡುವವರಿಗೆ ಅನುಭವಕ್ಕೆ ತಕ್ಕಂತೆ ದಿನಕ್ಕೆ 40, 50, 60 ಸಾವಿರ ರೂಪಾಯಿ ಸಂಭಾವನೆ ನಿಗದಿ ಮಾಡಿತು. ಹನ್ನೊಂದರಲ್ಲಿ ಸ್ಥಾನ ಸಿಗದೆ ತಂಡದೊಡನೆ ಇರುವವರಿಗೆ ಅದರ ಅರ್ಧ. ಒಳ್ಳೆಯ ಸಂಪಾದನೆಯೇ ಸರಿ. ಆದರೆ ಇದು ತಿಂಗಳ ಸಂಬಳವಲ್ಲ. ಪಂದ್ಯವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊಣಕಾಲು ಕೈಕೊಟ್ಟರೆ ಆದಾಯವೂ ನಿಂತೀತು. 2020–21ರಲ್ಲಿ ಕೊರೊನಾದಿಂದಾಗಿ ರಣಜಿ ಟೂರ್ನಿಯೇ ನಡೆಯಲಿಲ್ಲ. 1934ರಲ್ಲಿ ಆರಂಭವಾದ ಮೇಲೆ ಹಾಗಾದದ್ದು ಅದೇ ಮೊದಲು. ಹಿಂದಿನ ಆಟಗಾರರಿಗೆ ಬ್ಯಾಂಕ್, ರೈಲ್ವೆ ನೌಕರಿಯ ಆಸರೆಯಿತ್ತು. ಆಟವೇ ಪೂರ್ಣಕಾಲದ ಉದ್ಯೋಗವಾದವನಿಗೆ ಆ ಆಸರೆ ಎಲ್ಲಿದೆ?

ವಿದ್ಯಾರ್ಥಿಗಳೇ, ನೀವು ಕೇಳಬಹುದು: ಓದುತ್ತಾ ಕುಳಿತರೆ ಅವಕಾಶ ಕೈತಪ್ಪುವುದಿಲ್ಲವೇ? ಎರಾಪಳ್ಳಿ ಪ್ರಸನ್ನ 1962ರಲ್ಲೇ ಟೆಸ್ಟ್ ಆಟಗಾರರಾಗಿದ್ದರು. ಇಂಜಿನಿಯರಿಂಗ್ ಮುಗಿಸಲೆಂದು ಸರಿದು ನಿಂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಬಳಿಕ ಅವರ ಟೆಸ್ಟ್ ವಿಕೆಟ್‌ಗಳು 189ಕ್ಕೆ ಏರಿದವು. 1974ರಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಗೆದ್ದಾಗ ನಾಯಕರೂ ಅವರೇ.

ಎಲ್ಲರಿಗೂ ಹಾಗೆ ಮರಳಿ ಅವಕಾಶ ಸಿಗಲಾರದು, ನಿಜ. ಆದರೆ ಒಂದು ಲೆಕ್ಕ ಹಾಕಿ. ವಯೋಮಿತಿಯ ತಂಡಗಳು 16, 19, 23 ಎಂದು ಸಾಗುತ್ತವೆ. 23 ದಾಟಿದರೆ ಉಳಿಯುವುದು ಹಿರಿಯರ ತಂಡವೊಂದೇ. ಪದವಿ ಮುಗಿಯುವುದೂ ಅದರೊಳಗೇ. ಹೀಗಿರುವಾಗ ಒಂದನ್ನು ಕೊಂದು ಇನ್ನೊಂದನ್ನು ಸಾಕುವ ಅಗತ್ಯವೇನು?

ಪೋಷಕರೇ, ಮಗನ ಬ್ಯಾಟು ಮುರಿಯಬೇಡಿ. ಗದ್ದೆಬಯಲಿನ ಟೆನಿಸ್ ಚೆಂಡಿನಾಟದಲ್ಲಿ ಅವನು ನಿಜವಾಗಿ ಮುಂದಿದ್ದರೆ ಲೆದರ್ ಬಾಲ್ ಕಲಿಸುವವರ ಬಳಿ ಕಳುಹಿಸಿ. ಜೊತೆಗೆ ಹಾಜರಿ ಪುಸ್ತಕವನ್ನೂ ವಿಚಾರಿಸಿ. ಮಕ್ಕಳೇ, ಫಜ್ರ್ ನಮಾಝಿಗೆ ಎದ್ದವರಿಗೆ ಶಾಲೆಯ ಮೊದಲು ಎರಡು ತಾಸು ಅಭ್ಯಾಸಕ್ಕೆ ಸಿಗುತ್ತದೆ. ಆರೋಗ್ಯವೂ ಸಮಯವೂ ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್. ಎರಡನ್ನೂ ಕಾಯ್ದುಕೊಳ್ಳಿ. ಆಯ್ಕೆಯಾದರೆ ರಾಜ್ಯಕ್ಕೆ ಆಡುವಿರಿ. ಆಗದಿದ್ದರೂ ತಲೆತಗ್ಗಿಸಿ ಮನೆಗೆ ಬರಬೇಕಾಗಿಲ್ಲ; ಕೈಯಲ್ಲಿ ಪದವಿಯಿರುತ್ತದೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ವಿದ್ಯೆಯನ್ನೂ ಕರುಣಿಸಲಿ. ಆಮೀನ್.