ಗ್ರಂಥಾಲಯದ ಬಾಗಿಲು ಯಾರಿಗೆ?

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ, ಗಿರಣಿಯಲ್ಲಿ ದುಡಿಯುವ ನಮಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ಮಾತೇಕೆ ಎಂದು ತಾವು ಕೇಳಬಹುದು. ಅದು ನಡೆಯುವುದು ಜನರ ತೆರಿಗೆಯಿಂದ. ನಾವು ಕೊಳ್ಳುವ ಬೆಂಕಿಪೆಟ್ಟಿಗೆಯ ಮೇಲೂ ತೆರಿಗೆಯಿದೆ. ಆದುದರಿಂದ ಅಲ್ಲಿನ ಬದಲಾವಣೆ ನಮಗೂ ಸೇರಿದ್ದು.

ನೆರೆಯ ಕೇರಳವನ್ನು ನೋಡಿ. ತಿರುವನಂತಪುರದ ವಿಶ್ವವಿದ್ಯಾಲಯ ಗ್ರಂಥಾಲಯ 1942ರಲ್ಲಿ ಹುಟ್ಟಿತು. ಅಲ್ಲಿನ ಕಾರ್ಯವಟ್ಟದ ಹಸ್ತಪ್ರತಿ ಭಂಡಾರದಲ್ಲಿ ಹತ್ತಾರು ಸಾವಿರ ಓಲೆಗರಿ ಗ್ರಂಥಗಳಿವೆ. ಹಳೆಯ ಗರಿ ಮುಟ್ಟಿದರೆ ಮುರಿಯುತ್ತದೆ. ಅದರ ಚಿತ್ರ ಗಣಕಯಂತ್ರ ಸೇರಿದರೆ ಗರಿಯೂ ಉಳಿಯುತ್ತದೆ, ಓದುವವನಿಗೂ ಸಿಗುತ್ತದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1971ರಲ್ಲಿ. ಸಮುದ್ರ, ಮೀನು, ರಬ್ಬರುಗಳ ಸಂಶೋಧನೆಗೆ ಅದು ಹೆಸರಾದದ್ದು. ತನ್ನ ಪ್ರಬಂಧಗಳನ್ನು ಅದು ‘ದ್ಯುತಿ’ ಎಂಬ ಡಿಜಿಟಲ್ ಭಂಡಾರದಲ್ಲಿ ಇರಿಸಿತು. ಅದಕ್ಕೆ ಬಳಸಿದ ‘ಡಿಸ್ಪೇಸ್’ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ.

ಆದರೆ ಚಿತ್ರ ತೆಗೆದ ಮಾತ್ರಕ್ಕೆ ಕೆಲಸ ಮುಗಿಯದು. ಪುಟದ ಚಿತ್ರದಲ್ಲಿರುವ ಅಕ್ಷರ ಯಂತ್ರಕ್ಕೆ ಬರಿಯ ಕಲೆ. ಅದನ್ನು ಅಕ್ಷರವಾಗಿ ಗುರುತಿಸುವ ತಂತ್ರಾಂಶವೂ ನಮ್ಮ ಒತ್ತಕ್ಷರಗಳಲ್ಲಿ ಎಡವುತ್ತದೆ. ತಿದ್ದಲು ಮನುಷ್ಯನ ಕಣ್ಣೇ ಬೇಕು. ಕರ್ತೃ, ಇಸವಿ, ವಿಷಯಗಳನ್ನು ಸರಿಯಾಗಿ ಬರೆದಿಡದಿದ್ದರೆ ಆ ಭಂಡಾರ ಚೀಟಿ ಅಂಟಿಸದ ಡಬ್ಬಿಗಳ ಉಗ್ರಾಣ! ಗಿರಣಿಗೆ ಹೊಸ ಮಗ್ಗ ತಂದು ಕೆಲಸಗಾರನಿಗೆ ತರಬೇತಿ ಕೊಡದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ಗ್ರಂಥಾಲಯದ ನೌಕರನ ಮಾತೂ ಅದೇ.

ಇನ್ನು ಮುಖ್ಯ ಪ್ರಶ್ನೆ: ಬಾಗಿಲು ಯಾರಿಗೆ? ಪಿಎಚ್.ಡಿ. ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿತು. ಅವು ‘ಶೋಧಗಂಗಾ’ದಲ್ಲಿ ಸೇರುತ್ತಿವೆ; ಕನ್ನಡದ ಪ್ರಬಂಧಗಳೂ ಅಲ್ಲಿವೆ. ಪಾಳಿ ಮುಗಿಸಿ ಬಂದವನು ಕೋಣೆಯಲ್ಲೇ ಕುಳಿತು, ಕೈಯಲ್ಲಿರುವ ಫೋನಿನಲ್ಲಿ ಪುಕ್ಕಟೆಯಾಗಿ ಓದಬಹುದು. ಇದು ತೆರೆದ ಬಾಗಿಲು.

ಇನ್ನೊಂದು ಬಾಗಿಲು ಅರ್ಧ ತೆರೆದದ್ದು. ವಿದ್ವತ್ ಪತ್ರಿಕೆಗಳಿಗೆ ರಾಷ್ಟ್ರಕ್ಕೆಲ್ಲ ಒಂದೇ ಚಂದಾ ಎಂಬ ಯೋಜನೆಗೆ ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ! ಫಲ ಮೊದಲಿಗೆ ದೊರೆತದ್ದು ಸರಕಾರಿ ವಿದ್ಯಾಸಂಸ್ಥೆಗಳ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರಿಗೆ. ಅದು ಸಂತೋಷವೇ. ಆದರೆ ರಾತ್ರಿ ಶಾಲೆಯಲ್ಲಿ ಕಲಿತು ಮುಂದೆ ಓದಬಯಸುವ ಕೆಲಸಗಾರ ಯಾವ ಪಟ್ಟಿಯಲ್ಲಿದ್ದಾನೆ?

ಬಾಂಧವರೇ, ನಮ್ಮ ಬೇಡಿಕೆ ದೊಡ್ಡದಲ್ಲ. ಜನರ ಹಣದಿಂದ ಕೊಂಡ ವಿದ್ಯೆ ಸಾರ್ವಜನಿಕ ಗ್ರಂಥಾಲಯಗಳ ಮೇಜಿಗೂ ಬರಲಿ. ತೆರೆದಿರುವ ಬಾಗಿಲನ್ನು ನಾವು ಇಂದೇ ಬಳಸೋಣ. ಅರ್ಧ ತೆರೆದದ್ದನ್ನು ಸಂಘಟಿತರಾಗಿ ತಟ್ಟೋಣ.