ಸಸ್ಯದಿಂದ ಬಂದದ್ದೆಲ್ಲ ಮಣ್ಣಿಗೆ ಮರಳುವುದೇ?

ಈಚೆಗೆ ಅಂಗಡಿಯ ಚೀಲಗಳ ಮೇಲೆ, ಲೋಟಗಳ ಮೇಲೆ ‘ಜೈವಿಕ’ ಎಂಬ ವಿಶೇಷಣ ಕಾಣಿಸಿಕೊಳ್ಳುತ್ತಿದೆ. ರಸಾಯನಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ವಿಶೇಷಣಗಳನ್ನು ತುಸು ಅನುಮಾನದಿಂದ ನೋಡುವುದು ಕನ್ನಡ ಪಾಠ ಹೇಳಿದವನ ಅಭ್ಯಾಸ. ಈ ಒಂದು ಪದದೊಳಗೆ ಎರಡು ಅರ್ಥಗಳು ಅಡಗಿವೆ. ವಸ್ತು ಜೀವಮೂಲದಿಂದ ಬಂದದ್ದು ಎಂಬುದು ಒಂದು. ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಬಲ್ಲವು ಎಂಬುದು ಇನ್ನೊಂದು. ಮೊದಲನೆಯದು ಹುಟ್ಟಿನ ಮಾತು, ಎರಡನೆಯದು ಅಂತ್ಯದ ಮಾತು.

ಪ್ಲಾಸ್ಟಿಕ್ಕಿನ ಚರಿತ್ರೆ ಆರಂಭವಾದದ್ದೇ ಸಸ್ಯದಿಂದ. 1862ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಸೆಲ್ಯುಲೋಸಿನಿಂದ ತಯಾರಿಸಿದ ವಸ್ತುವನ್ನು ಪ್ರದರ್ಶಿಸಿದನು. ಅಮೆರಿಕೆಯ ಜಾನ್ ವೆಸ್ಲಿ ಹಯಾಟ್, ಬಿಲಿಯರ್ಡ್ಸ್ ಚೆಂಡಿಗೆ ಆನೆಯ ದಂತದ ಬದಲನ್ನು ಅರಸುತ್ತ, 1870ರ ಹೊತ್ತಿಗೆ ಸೆಲ್ಯುಲಾಯ್ಡನ್ನು ರೂಪಿಸಿದನು. ಆಮ್ಲದಿಂದ ಸಂಸ್ಕರಿಸಿದ ಹತ್ತಿ, ಅದನ್ನು ಮೆದುಗೊಳಿಸಲು ಕರ್ಪೂರ: ಎರಡೂ ನಮ್ಮ ದೇವರ ಮನೆಯ ಪರಿಚಿತ ಸಾಮಗ್ರಿಗಳೇ! ಪೆಟ್ರೋಲಿಯಂ ಈ ರಂಗಕ್ಕೆ ಬಂದದ್ದು ಆಮೇಲೆ.

ಇಂದಿನ ಎರಡು ನಿದರ್ಶನಗಳನ್ನು ನೋಡೋಣ. ಬ್ರೆಜಿಲ್ ದೇಶದಲ್ಲಿ 2010ರಿಂದ ಕಬ್ಬಿನ ಎಥನಾಲಿನಿಂದ ದೊಡ್ಡ ಪ್ರಮಾಣದಲ್ಲಿ ಪಾಲಿಎಥಿಲೀನ್ ತಯಾರಾಗುತ್ತಿದೆ. ಕಬ್ಬು ಬೆಳೆಯುವಾಗ ಗಾಳಿಯ ಇಂಗಾಲವನ್ನು ಹೀರುತ್ತದೆ, ಅದು ಲಾಭವೇ. ಆದರೆ ಸಿದ್ಧವಾದ ವಸ್ತು ಎಣ್ಣೆಯ ಬಾವಿಯಿಂದ ಬಂದ ಪಾಲಿಎಥಿಲೀನಿಗಿಂತ ಬೇರೆಯಲ್ಲ. ಚರಂಡಿಗೆ ಬಿದ್ದರೆ ಅದರಂತೆಯೇ ಕೊಳೆಯದೆ ಉಳಿಯುತ್ತದೆ. ಎರಡನೆಯದು ಪಾಲಿಲ್ಯಾಕ್ಟಿಕ್ ಆಮ್ಲ. ಮೆಕ್ಕೆಜೋಳದ ಪಿಷ್ಟದಿಂದ ಪಡೆದ ಸಕ್ಕರೆಯನ್ನು ಹುದುಗಿಸಿ, ಮೊಸರಿಗೆ ಹುಳಿ ಕೊಡುವ ಆಮ್ಲವನ್ನೇ ಪಡೆದು, ಅದರ ಕಣಗಳನ್ನು ಸರಪಳಿಯಂತೆ ಜೋಡಿಸುತ್ತಾರೆ. ಇದು ಕೊಳೆಯುತ್ತದೆ, ನಿಜ. ಆದರೆ ಅದಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ತೇವವಿರುವ ಗೊಬ್ಬರದ ಘಟಕ ಬೇಕು. ಹಿತ್ತಲ ತಿಪ್ಪೆಯಲ್ಲಿ, ಕೆರೆಯ ತಣ್ಣನೆಯ ಕೆಸರಿನಲ್ಲಿ ಅದು ವರ್ಷಗಟ್ಟಲೆ ಉಳಿಯಬಲ್ಲದು.

ಇನ್ನು ನಾರಿನ ಮಿಶ್ರವಸ್ತುಗಳು. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿದವರಿಗೆ ಇದರ ತತ್ವ ಹೊಸದಲ್ಲ: ನಾರು ಬಲ ಕೊಡುತ್ತದೆ, ಅಂಟು ಹಿಡಿದಿಡುತ್ತದೆ. ಪೂರ್ವ ಜರ್ಮನಿಯಲ್ಲಿ 1957ರಲ್ಲಿ ತಯಾರಿಕೆ ಆರಂಭವಾಗಿ 1991ರವರೆಗೆ ನಡೆದ ಟ್ರಾಬಾಂಟ್ ಕಾರಿನ ಮೈಯನ್ನು ಹತ್ತಿಯ ನಾರಿಗೆ ಫೀನಾಲ್ ರಾಳ ಸೇರಿಸಿ ಅಚ್ಚೊತ್ತುತ್ತಿದ್ದರು. ಅದು ತುಕ್ಕು ಹಿಡಿಯಲಿಲ್ಲ. ಆದರೆ ಕಾರುಗಳು ಮೂಲೆ ಸೇರಿದಾಗ ಆ ಮೈಯನ್ನು ಕರಗಿಸಿ ಮತ್ತೆ ಬಳಸುವಂತಿರಲಿಲ್ಲ. ಮಣ್ಣೂ ಅದನ್ನು ಸ್ವೀಕರಿಸಲಿಲ್ಲ. ನಾರು ಗಿಡದ್ದಾದರೂ ರಾಳ ಗಿಡದ್ದಾಗಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಮಲೆನಾಡು, ಕರಾವಳಿಗಳ ಅಡಿಕೆ ಹಾಳೆಯನ್ನು ನೆನೆಯಿರಿ. ಅದೂ ಒಂದು ಮಿಶ್ರವಸ್ತುವೇ. ಸೆಲ್ಯುಲೋಸಿನ ನಾರುಗಳನ್ನು ಲಿಗ್ನಿನ್ ಎಂಬ ಸಸ್ಯದ ಅಂಟು ಬಿಗಿದಿಟ್ಟಿದೆ. ತಾನಾಗಿ ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಹೊರಗಿನ ಅಂಟು ಬೇಕಿಲ್ಲ. ಊಟ ಮುಗಿದ ಮೇಲೆ ತೋಟದ ಬುಡಕ್ಕೆ ಹಾಕಿದರೆ ಗೊಬ್ಬರ.

ಹಾಗೆಂದು ಎಲ್ಲವನ್ನೂ ಹಾಳೆಯಿಂದಲೇ ಮಾಡಲಾಗದು. ಹತ್ತಾರು ವರ್ಷ ಬಾಳಬೇಕಾದ ಬಾಗಿಲಿಗೆ, ವಾಹನದ ಭಾಗಕ್ಕೆ ಸೆಣಬು ಮತ್ತು ರಾಳದ ಕೂಡಿಕೆ ಸಲ್ಲುತ್ತದೆ. ಅರ್ಧ ಗಂಟೆಯ ಊಟದ ತಟ್ಟೆಗೆ ಸಲ್ಲದು. ವಸ್ತುವಿನ ಬಾಳು ಅದರ ಕೆಲಸದ ಅವಧಿಗೆ ಹೊಂದಬೇಕು. ಭಾರತದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾದ ಮೇಲೆ ಬದಲಿ ವಸ್ತುಗಳು ಬಗೆಬಗೆಯ ಹೆಸರು ಹೊತ್ತು ಬರುತ್ತಿವೆ. ‘ಜೈವಿಕ’ ಎಂದವರನ್ನು ನಾವು ಎರಡು ಪ್ರಶ್ನೆ ಕೇಳಬೇಕು: ಇದು ಎಲ್ಲಿಂದ ಬಂತು? ನಮ್ಮೂರಿನಲ್ಲಿ ಇದು ಎಲ್ಲಿಗೆ ಹೋಗಿ ಸೇರುತ್ತದೆ? ಎರಡಕ್ಕೂ ಉತ್ತರ ದೊರೆತ ಬಳಿಕವೇ ಆ ವಿಶೇಷಣವನ್ನು ಒಪ್ಪಿಕೊಳ್ಳೋಣ.