ನದಿಯ ದಂಡೆಯಲ್ಲಿ ಮತ್ಸ್ಯವಿನೋದ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಮೀನು ಹಿಡಿಯುವ ಮಾತೆತ್ತಿದರೆ ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಮೀನನ್ನು ಬಾಯಿಗಿಡದವರೂ ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಹೆದರಬೇಕಾಗಿಲ್ಲ, ನಾನು ಹೇಳಹೊರಟಿರುವುದು ಅಡಿಗೆಮನೆಯ ವಿಚಾರವಲ್ಲ, ನದಿಯ ವಿಚಾರ. ಅದರಲ್ಲಿ ಕನ್ನಡ ನಾಡಿನ ಅರಸನೊಬ್ಬನ ಪಾಲೂ ಇದೆ, ನಾವು ಅನ್ನ ಉಣ್ಣುತ್ತಿರುವ ಈ ಪುಣೆಯ ಪಾಲೂ ಇದೆ.

ಇಂಗ್ಲೆಂಡಿನಲ್ಲಿ ಸಾಲ್ಮನ್, ಟ್ರೌಟ್‌ಗಳು ದೊಡ್ಡವರ ಮೀನುಗಳು. ಮಿಕ್ಕ ಹೊಳೆಮೀನುಗಳಿಗೆಲ್ಲ ಅಲ್ಲಿಯವರು 'ಕೋರ್ಸ್ ಫಿಷ್', ಎಂದರೆ ಒರಟು ಮೀನು, ಎಂದು ಹೆಸರಿಟ್ಟುಬಿಟ್ಟರು. ಆ ಲೆಕ್ಕಕ್ಕೆ ನಮ್ಮ ಭೀಮೆ-ಕೃಷ್ಣೆಯರ ಮೀನುಗಳೆಲ್ಲ ಒರಟರೇ! ಆದರೆ ಕಲ್ಯಾಣದ ಸಿಂಹಾಸನದಲ್ಲಿ ಕುಳಿತ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನಿಗೆ ಈ ಪಂಕ್ತಿಭೇದ ತಿಳಿಯದು. ಸುಮಾರು 1130ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಅಧ್ಯಾಯವೇ ಇದೆ. ಮೀನುಗಳ ಜಾತಿ ಯಾವುವು, ಯಾವ ಮೀನಿಗೆ ಯಾವ ಆಹಾರ, ಗಾಳ-ದಾರಗಳು ಹೇಗಿರಬೇಕು, ಇವೆಲ್ಲವನ್ನೂ ಅರಸ ಅಲ್ಲಿ ಹೇಳುತ್ತಾನೆ. ಮೀನಿನ ಬೇಟೆಯ ಇಂಗ್ಲಿಷ್ ಗ್ರಂಥಗಳಲ್ಲಿ ಪ್ರಸಿದ್ಧವಾದ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ಐನೂರು ವರ್ಷ ಮೊದಲೇ ನಮ್ಮವನು ಬರೆದಿಟ್ಟ! 1951ರಲ್ಲಿ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಈ ಅಧ್ಯಾಯವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು.

ಇದರ ಸೊಗಸು ತಿಳಿಯಬೇಕಾದರೆ ಒಂದು ದಿನ ನದಿಯ ದಂಡೆಯಲ್ಲಿ ಕುಳಿತು ನೋಡಬೇಕು. ಬೆಳಗು ಮೂಡುವ ಮೊದಲೇ ಪುಣೆಯಿಂದ ಹೊರಟು, ಪೂರ್ವಕ್ಕೆ ಭೀಮೆಯ ದಡ ಸೇರಿ. ಬಿದಿರಿನದೊಂದು ಕೋಲು, ದಾರ, ಬೆಂಡು, ಸೀಸದ ಗುಂಡು, ಗಾಳ, ಇಷ್ಟೇ ಸಲಕರಣೆ. ಮೊದಲು ತೌಡು, ಶೇಂಗಾಹಿಂಡಿ ಕಲೆಸಿ ನೀರಿಗೆ ಎರಚಬೇಕು. ಅತಿಥಿಯನ್ನು ಕರೆದು ಎಲೆ ಹಾಕಿದಂತೆ. ಆಮೇಲೆ ಗೋಧಿಹಿಟ್ಟಿನ ಗುಳಿಗೆಯನ್ನೋ ಎರೆಹುಳುವನ್ನೋ ಗಾಳಕ್ಕೆ ಸಿಕ್ಕಿಸಿ, ದಾರವನ್ನು ನೀರಿಗೆ ಬಿಟ್ಟು, ಬಾಯಿ ಮುಚ್ಚಿ ಕುಳಿತಿರಬೇಕು. ಹರಟೆಮಲ್ಲರಾದ ನಮಗೆ ಇದೇ ಕಠಿಣ ವ್ರತ.

ಬೆಂಡು ಮೆಲ್ಲನೆ ನಡುಗಿದರೆ ಸಣ್ಣ ಮೀನು ಕಚ್ಚಿ ನೋಡುತ್ತಿದೆ ಎಂದರ್ಥ. ತಟ್ಟನೆ ಮುಳುಗಿದರೆ ಕೋಲೆತ್ತಬೇಕು. ದೊಡ್ಡದಾದರೆ ಸೆಳೆಯಬಾರದು; ದಾರ ಬಿಟ್ಟು, ಹಿಡಿದು, ದಣಿಸಿ ದಡಕ್ಕೆ ತರಬೇಕು. ಬಿಸಿಲೇರಿದಾಗ ಮೀನು ಮಡುವಿಗಿಳಿಯುತ್ತದೆ. ನಾವು ಬುತ್ತಿ ಬಿಚ್ಚಿ, ರೊಟ್ಟಿ ತಿಂದು, ಜಾಲಿಯ ನೆರಳಿನಲ್ಲಿ ಕಣ್ಣು ಮುಚ್ಚಬಹುದು. ಸಂಜೆ ಮತ್ತೆ ಆಟ. ಆ ಹೊತ್ತಿಗೆ ನೀರಿನ ಬಣ್ಣ, ಸೆಳವು, ವಾಸನೆ, ದಡದ ಕೊಕ್ಕರೆಯ ಚಲನವಲನ, ಎಲ್ಲವೂ ಪರಿಚಯವಾಗಿರುತ್ತವೆ. ಬರಿಗೈಯಲ್ಲಿ ಮರಳಿದವನೂ ನದಿಯನ್ನು ಓದಲು ಕಲಿತು ಬರುತ್ತಾನೆ.

ಹಾಗೆ ಓದಿದರೆ ಇಂದಿನ ನದಿ ಏನು ಹೇಳುತ್ತದೆ? ಗಾಳಕ್ಕೆ ಬೀಳುವುದು ಹೆಚ್ಚಾಗಿ ತಿಲಾಪಿಯಾ. ಅದು ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ತಂದದ್ದು. ಕೆಟ್ಟ ನೀರಿನಲ್ಲೂ ಬಾಳಬಲ್ಲ ಗಟ್ಟಿ ಪಿಂಡ. ಇಲ್ಲಿಯ ಮನೆಮಗನ ಕಥೆ ಬೇರೆ. ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ 1839ರಲ್ಲಿ ದಖ್ಖನ್ನಿನ ಮೀನುಗಳನ್ನು ವಿವರಿಸಿದಾಗ ಮಹಸೀರ್ ಜಾತಿಯ ಒಂದಕ್ಕೆ 'ಖುದ್ರೀ' ಎಂದು ಹೆಸರಿಟ್ಟ. ಅದು ಅವನಿಗೆ ದೊರೆತದ್ದು ಪುಣೆಯಿಂದ ಪೂರ್ವಕ್ಕೆ ಸುಮಾರು ಎಂಟು ಮೈಲಿ ದೂರದ ಮುಳಾ-ಮುಠಾ ನದಿಯಲ್ಲಿ! ಇಂದಿಗೂ ಜಗತ್ತಿನ ವಿಜ್ಞಾನಿಗಳು 'ಟಾರ್ ಖುದ್ರೀ' ಎಂದೇ ಕರೆಯುವ ಈ ಮೀನಿನ ಶಾಸ್ತ್ರೀಯ ಜನ್ಮಸ್ಥಾನ ನಮ್ಮೂರೇ. ಅದಕ್ಕೆ ಬೇಕಾದದ್ದು ಕಲ್ಲುಗಳ ನಡುವೆ ಹರಿಯುವ ತಿಳಿನೀರು. ಅದನ್ನೇ ನಾವು ನಗರದಲ್ಲಿ ಉಳಿಸಿಲ್ಲ.

ಲೋಣಾವಳದ ಬಳಿ ವಳವಣದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಇದರ ಮರಿಗಳನ್ನು ಬೆಳೆಸಿ ಅನೇಕ ನದಿಗಳಿಗೆ ಬಿಡಿಸಿದರು. ವಂಶ ಉಳಿಯಿತು. ಆದರೆ ಕಾವೇರಿಯಲ್ಲಿ ಈ ಪರದೇಶಿ ಹಬ್ಬಿ, ಅಲ್ಲಿಯದೇ ಆದ ಡುಬ್ಬದ ಮಹಸೀರಿಗೆ ಕುತ್ತು ತಂದಿತೆಂದು ವಿಜ್ಞಾನಿಗಳು ಎಚ್ಚರಿಸಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಒಬ್ಬರ ಗಾಳಕ್ಕೆ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಸಿಕ್ಕಿತ್ತು. ಅಂಥ ಹಿರಿಯರ ಕುಲವನ್ನು 2018ರಲ್ಲಿ ತೀವ್ರ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಒಂದು ನದಿಯ ಮೀನನ್ನು ಇನ್ನೊಂದಕ್ಕೆ ಸಾಗಿಸಿದರೆ ಸಾಲದು. ಅದರದೇ ನದಿಯನ್ನು ಬದುಕಿಸಬೇಕು.

ಬಂಧುಗಳೇ, ಮುಳಾ-ಮುಠೆಯರು ಭೀಮೆಯನ್ನು ಸೇರುತ್ತಾರೆ. ಭೀಮೆ ಪಂಢರಪುರದಲ್ಲಿ ವಿಠ್ಠಲನ ಪಾದದ ಬಳಿ ಚಂದ್ರಭಾಗೆಯಾಗಿ ಹಾದು, ವಿಜಯಪುರ-ಕಲಬುರ್ಗಿಯ ಸೀಮೆಗೆ ಬಂದು, ಗಾಣಗಾಪುರದಲ್ಲಿ ಯಾತ್ರಿಕರಿಗೆ ಸ್ನಾನ ಮಾಡಿಸಿ, ಕೃಷ್ಣೆಯಲ್ಲಿ ಒಂದಾಗುತ್ತಾಳೆ. ನಮ್ಮಲ್ಲಿ ಎಷ್ಟೋ ಮಂದಿಯ ಹುಟ್ಟೂರು ಅದೇ ದಂಡೆಯಲ್ಲಿದೆ. ನಾವು ಇಲ್ಲಿ ಮೇಲುಗಡೆ ಕುಳಿತು ನೀರಿಗೆ ಎಸೆದದ್ದು ಕೆಳಗಡೆ ನಮ್ಮ ತಾಯಿ-ತಂದೆಯರ ಊರಿನ ದಾರಿ ಹಿಡಿಯುತ್ತದೆ. ರಾಜ್ಯಗಳ ಗಡಿ ನೀರಿಗೆ ತಿಳಿಯದು.

ಆದುದರಿಂದ ನನ್ನ ಬಿನ್ನಹ ಚಿಕ್ಕದು. ಪೂಜೆಯ ನಿರ್ಮಾಲ್ಯವನ್ನು ಸೇತುವೆಯಿಂದ ಎಸೆಯದಿರೋಣ. ಘಾಟಿನ ನಿರ್ಮಾಲ್ಯ ಕಲಶಕ್ಕೆ ಹಾಕೋಣ. ಮನೆಯ ಗಾಜಿನ ತೊಟ್ಟಿಯ ಪರದೇಶದ ಮೀನು ಬೇಡವಾದರೆ ಹೊಳೆಗೆ ಬಿಡದಿರೋಣ. ಗಾಳ ಹಾಕುವವರು ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಮೀನನ್ನು ನೀರಿಗೇ ಮರಳಿಸಲಿ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಭೀಮೆಯ ದಂಡೆಗೆ ಕರೆದೊಯ್ಯಿರಿ. ಕಣ್ಣಾರೆ ಕಾಣದ ನದಿಗಾಗಿ ಯಾರೂ ಮರುಗುವುದಿಲ್ಲ.

 ಸಿರಿಗನ್ನಡಂ ಗೆಲ್ಗೆ.